ಥೀಮ್ ಪಾರ್ಕಿನ ಬಾಗಿಲಲ್ಲಿ ಭದ್ರತಾ ತಪಾಸಣೆಯ ಸಾಲು ಬೆಳೆಯುವುದು ಹೇಗೆ?

ಥೀಮ್ ಪಾರ್ಕಿಗೆ ಹೋದವರು ಆ ದಿನ ನಿಲ್ಲುವ ಮೊದಲ ಸಾಲು ಸಾಮಾನ್ಯವಾಗಿ ಬ್ಯಾಗು ಬಿಚ್ಚಿ ತೋರಿಸಿ, ಲೋಹಶೋಧಕದ ಚೌಕಟ್ಟಿನೊಳಗಿಂದ ಹಾಯ್ದು ಹೋಗಬೇಕಾದ ಸಾಲು. ಟಿಕೆಟನ್ನು ತಿಂಗಳ ಮೊದಲೇ ಕೊಂಡವರಿಗೂ, ಆಟಗಳ ಸಾಲನ್ನು ತಪ್ಪಿಸುವ ದುಬಾರಿ ಪಾಸ್ ಹೊಂದಿದವರಿಗೂ ಇದರಿಂದ ವಿನಾಯಿತಿ ಇರುವುದಿಲ್ಲ. ಒಬ್ಬೊಬ್ಬರ ತಪಾಸಣೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತಿರುವುದು ಮುಂದೆ ಕಾಣುತ್ತಲೇ ಇರುತ್ತದೆ. ಹಾಗಿದ್ದೂ ಆ ಕೆಲವು ಸೆಕೆಂಡುಗಳ ಕೆಲಸಕ್ಕಾಗಿ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಸಿಬ್ಬಂದಿ ನಿಧಾನ ಮಾಡುತ್ತಿದ್ದಾರೆ ಎಂದು ಬೇಸರಪಡುವುದು ಸಹಜವಾದರೂ ಬಹುಪಾಲು ಸಂದರ್ಭಗಳಲ್ಲಿ ಕಾರಣ ಅದಲ್ಲ. ಜನ ಯಾವ ಹೊತ್ತಿಗೆ ಬರುತ್ತಾರೆ, ಯಾರ ಬಳಿ ಏನಿರುತ್ತದೆ, ಯಂತ್ರವನ್ನು ಎಷ್ಟು ಸೂಕ್ಷ್ಮವಾಗಿ ಹೊಂದಿಸಿದ್ದಾರೆ, ಸಾಲನ್ನು ಯಾವ ಜಾಗದಲ್ಲಿ ನಿಲ್ಲಿಸಿದ್ದಾರೆ ಎಂಬ ನಾಲ್ಕಾರು ಸಂಗತಿಗಳು ಸೇರಿ ಆ ಅರ್ಧ ಗಂಟೆಯನ್ನು ನಿರ್ಮಿಸುತ್ತವೆ. ಅವುಗಳನ್ನು ಬಿಡಿಸಿ ನೋಡಿದರೆ, ಸಾಲನ್ನು ಚಿಕ್ಕದಾಗಿಡುವ ಕೆಲಸವನ್ನು ಅತಿಥಿಗಳ ಅನುಕೂಲದ ಲೆಕ್ಕಕ್ಕೆ ಮಾತ್ರ ಸೇರಿಸುವುದು ಎಷ್ಟು ತಪ್ಪು ಎಂಬುದು ತಿಳಿಯುತ್ತದೆ. ಅದು ಭದ್ರತೆಯ ಒಂದು ಅಂಗವೇ ಆಗಿದೆ.

ಈ ಸಾಲಿಗೆ ಬಹಳ ಹಳೆಯ ಚರಿತ್ರೆಯಿಲ್ಲ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಬಾಗಿಲು ತೆರೆದಾಗ ಪ್ರವೇಶದ್ವಾರದ ದೊಡ್ಡ ತಲೆನೋವು ನಕಲಿ ಟಿಕೆಟುಗಳಾಗಿದ್ದವು; ಆಹ್ವಾನಿತರಿಗೆಂದು ಮೀಸಲಾಗಿದ್ದ ಆ ದಿನ ನಿರೀಕ್ಷೆಗಿಂತ ಎಷ್ಟೋ ಹೆಚ್ಚು ಜನ ಒಳಗೆ ಸೇರಿಕೊಂಡಿದ್ದರು. ಅಲ್ಲಿಂದ ಸುಮಾರು ನಾಲ್ಕೂವರೆ ದಶಕಗಳ ಕಾಲ ಬಾಗಿಲಲ್ಲಿ ನಿಂತವರ ಮುಖ್ಯ ಕೆಲಸ ಟಿಕೆಟ್ ನೋಡುವುದೇ ಆಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಬ್ಯಾಗ್ ತಪಾಸಣೆ ಬಂತು. 2015ರ ನವೆಂಬರಿನಲ್ಲಿ ಪ್ಯಾರಿಸ್ ಮೇಲೆ, ಡಿಸೆಂಬರ್ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ದಾಳಿಗಳಾದ ಬಳಿಕ, ಅದೇ ಡಿಸೆಂಬರ್ 17ರಂದು ಡಿಸ್ನಿ ಪಾರ್ಕುಗಳ ಬಾಗಿಲಿಗೆ ಲೋಹಶೋಧಕಗಳು ಬಂದು ನಿಂತವು. ಆರಂಭದಲ್ಲಿ ಕೆಲವರನ್ನಷ್ಟೇ ಆಯ್ದು ಅವುಗಳ ಮೂಲಕ ಕಳಿಸಲಾಗುತ್ತಿತ್ತು. ಅದೇ ಹೊತ್ತಿಗೆ ಪಾರ್ಕಿನೊಳಗೆ ಆಟಿಕೆ ಬಂದೂಕುಗಳ ಮಾರಾಟವೂ ನಿಂತಿತು, ಏಕೆಂದರೆ ತಪಾಸಣೆಯವರ ಕಣ್ಣಿಗೆ ಆಟಿಕೆಯೂ ಒಂದು ಗೊಂದಲವೇ. ಹೀಗೆ ಪ್ರತಿಯೊಂದು ಪದರವೂ ಯಾವುದೋ ಒಂದು ದುರಂತದ ಬೆನ್ನಿಗೆ ಬಂದು ಸೇರಿದ್ದು, ಮೊದಲು ಕಟ್ಟಿದ ಬಾಗಿಲಿನ ವಿನ್ಯಾಸದಲ್ಲಿ ಅದಕ್ಕೆಂದು ಜಾಗವೇ ಇರಲಿಲ್ಲ. ಹಳೆಯ ಪಾರ್ಕುಗಳಲ್ಲಿ ತಪಾಸಣೆಯ ಮೇಜುಗಳು ಇಕ್ಕಟ್ಟಿನಲ್ಲಿ ಇರುವುದಕ್ಕೆ ಇದೊಂದು ಕಾರಣ.

ತಪಾಸಣೆಯ ಕೆಲವು ಸೆಕೆಂಡುಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡೋಣ. ಚೌಕಟ್ಟಿನ ರೂಪದ ಲೋಹಶೋಧಕದ ಎರಡು ಕಂಬಗಳೊಳಗೆ ತಂತಿಯ ಸುರುಳಿಗಳಿರುತ್ತವೆ. ಅವುಗಳಲ್ಲಿ ಹರಿಯುವ ವಿದ್ಯುತ್ ಅತಿ ಚಿಕ್ಕ ಅಂತರಗಳಲ್ಲಿ ಬದಲಾಗುತ್ತ ಕಾಂತಕ್ಷೇತ್ರವನ್ನು ಏರಿಳಿಸುತ್ತದೆ; ಅದರೊಳಗೆ ಲೋಹದ ವಸ್ತು ಬಂದರೆ ಅದರಲ್ಲಿ ಸುಳಿಯಾಗಿ ವಿದ್ಯುತ್ ಹರಿದು, ಅದರಿಂದ ಹುಟ್ಟುವ ಸಣ್ಣ ಕಾಂತಕ್ಷೇತ್ರವನ್ನು ಯಂತ್ರ ಗುರುತಿಸುತ್ತದೆ. ಯಂತ್ರಕ್ಕೆ ತಿಳಿಯುವುದು ಲೋಹವಿದೆ, ಇಷ್ಟು ಪ್ರಮಾಣದಲ್ಲಿದೆ, ದೇಹದ ಈ ಎತ್ತರದಲ್ಲಿದೆ ಎಂಬಷ್ಟು ಮಾತ್ರ. ಅದು ಚಾಕುವೋ ಬೀಗದ ಕೈಗೊಂಚಲೋ, ಪಿಸ್ತೂಲೋ ಉಕ್ಕಿನ ನೀರಿನ ಬಾಟಲಿಯೋ ಎಂದು ನಿರ್ಧರಿಸಲು ಮನುಷ್ಯನೇ ಬೇಕು. ಆದ್ದರಿಂದ ಯಂತ್ರ ಸದ್ದು ಮಾಡಿದಾಗಲೆಲ್ಲ ಎರಡನೆಯ ಹಂತದ ತಪಾಸಣೆ ನಡೆಯುತ್ತದೆ: ಜೇಬು ಬರಿದು ಮಾಡಿಸುವುದು, ಕೈಯಲ್ಲಿ ಹಿಡಿಯುವ ಶೋಧಕವನ್ನು ಮೈಮೇಲೆ ಆಡಿಸುವುದು, ಮತ್ತೊಮ್ಮೆ ಚೌಕಟ್ಟಿನೊಳಗೆ ನಡೆಸುವುದು. ಹೃದಯದ ಪೇಸ್‌ಮೇಕರ್ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಅಳವಡಿಸಿದ ಲೋಹ ಇರುವವರು ಮೊದಲೇ ತಿಳಿಸಿದರೆ ಬೇರೆ ಬಗೆಯಲ್ಲಿ ತಪಾಸಣೆ ಮಾಡುತ್ತಾರೆ. ಅದಕ್ಕೂ ಸಮಯ ಬೇಕು.

ಸಾಲಿನ ವೇಗ ನಿರ್ಧಾರವಾಗುವುದು ಈ ಎರಡನೆಯ ಹಂತದಲ್ಲಿ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಪ್ರತಿಯೊಬ್ಬರೂ ಚೌಕಟ್ಟನ್ನು ದಾಟಲು 4 ಸೆಕೆಂಡು ಬೇಕೆಂದರೆ ಒಂದು ದಾರಿಯಲ್ಲಿ ಗಂಟೆಗೆ 900 ಜನ ಹೋಗಬಹುದು. ಹತ್ತರಲ್ಲಿ ಒಬ್ಬರಿಗೆ ಯಂತ್ರ ಸದ್ದು ಮಾಡುತ್ತದೆ, ಅವರ ಮರುತಪಾಸಣೆಗೆ 40 ಸೆಕೆಂಡು ಹಿಡಿಯುತ್ತದೆ, ಮತ್ತು ಅಷ್ಟೂ ಹೊತ್ತು ಹಿಂದಿನವರು ಅದೇ ದಾರಿಯಲ್ಲಿ ಕಾಯಬೇಕು ಎಂದಿಟ್ಟುಕೊಂಡರೆ, ಸರಾಸರಿ ತಲೆಗೆ 8 ಸೆಕೆಂಡಾಗಿ ಗಂಟೆಗೆ ಹೋಗುವವರ ಸಂಖ್ಯೆ 450ಕ್ಕೆ ಇಳಿಯುತ್ತದೆ. ಸದ್ದು ಮಾಡಿಸಿದ ಒಬ್ಬರನ್ನು ಪಕ್ಕದ ಮೇಜಿಗೆ ಕರೆದುಕೊಂಡು, ಅಲ್ಲಿಗೆ ಇನ್ನೊಬ್ಬ ಸಿಬ್ಬಂದಿಯನ್ನು ಹಾಕಿದರೆ ದಾರಿ ಮತ್ತೆ 900ರ ವೇಗಕ್ಕೆ ಮರಳುತ್ತದೆ. ಯಾರ ತಪಾಸಣೆಯನ್ನೂ ಸಡಿಲಿಸದೆ, ಒಂದು ಮೇಜು ಮತ್ತು ಎರಡು ಹೆಜ್ಜೆ ಜಾಗದಿಂದ ಇಷ್ಟು ವ್ಯತ್ಯಾಸ ಸಾಧ್ಯ. ವೇಗ ಬೇಕಾದರೆ ಕಟ್ಟುನಿಟ್ಟನ್ನು ಬಿಡಬೇಕೆಂಬ ವಾದವನ್ನು ಕೇಳಿದಾಗಲೆಲ್ಲ ಈ ಲೆಕ್ಕವನ್ನು ನೆನಪಿಸಿಕೊಳ್ಳಬೇಕು.

ಆದರೆ ತಪಾಸಣೆಯ ವೇಗ ಎಷ್ಟೇ ಇರಲಿ, ಜನರೆಲ್ಲ ಒಂದೇ ಹೊತ್ತಿಗೆ ಬಂದರೆ ಸಾಲು ತಪ್ಪುವುದಿಲ್ಲ, ಥೀಮ್ ಪಾರ್ಕಿನ ಮಟ್ಟಿಗೆ ಅತಿ ದೊಡ್ಡ ಕಾರಣ ಇದೇ. ಚಿತ್ರಮಂದಿರಕ್ಕೋ ಅಂಗಡಿಗೋ ಜನ ದಿನವಿಡೀ ಹರಿದು ಬರುತ್ತಾರೆ. ಪಾರ್ಕಿಗೆ ಬರುವವರಾದರೋ ಕೊಟ್ಟ ಹಣಕ್ಕೆ ಪೂರ್ತಿ ದಿನ ಸಿಗಬೇಕೆಂದು ಬಾಗಿಲು ತೆರೆಯುವ ಹೊತ್ತಿಗೇ ಬಂದು ನಿಲ್ಲುತ್ತಾರೆ. ಜನಪ್ರಿಯ ಆಟಗಳ ಸಾಲು ಮಧ್ಯಾಹ್ನಕ್ಕೆ ಬೆಳೆಯುವುದೆಂದು ತಿಳಿದವರಂತೂ ಇನ್ನೂ ಬೇಗ ಬರುತ್ತಾರೆ. ಬೆಳಿಗ್ಗೆ 8.30ರಿಂದ 9.30ರ ನಡುವೆ 10,000 ಜನ ಬರುವ ಒಂದು ಪಾರ್ಕನ್ನು ಕಲ್ಪಿಸಿಕೊಳ್ಳಿ. ಅದರ ಎಲ್ಲ ತಪಾಸಣಾ ದಾರಿಗಳೂ ಸೇರಿ ಗಂಟೆಗೆ 6,000 ಜನರನ್ನು ಒಳಗೆ ಬಿಡಬಲ್ಲವು. ಇಡೀ ದಿನದ ಲೆಕ್ಕದಲ್ಲಿ ಈ ಸಾಮರ್ಥ್ಯ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಆದರೆ 9.30ಕ್ಕೆ 4,000 ಜನ ಹೊರಗೇ ಉಳಿದಿರುತ್ತಾರೆ, ಆ ಕ್ಷಣಕ್ಕೆ ಸಾಲಿನ ತುದಿಗೆ ಬಂದು ಸೇರಿದವರು 40 ನಿಮಿಷ ನಿಲ್ಲಬೇಕಾಗುತ್ತದೆ. ಆಮೇಲೆ ಗಂಟೆಗೆ 3,000 ಜನ ಮಾತ್ರ ಬರುತ್ತಿದ್ದರೂ ಹಳೆಯ ಬಾಕಿ ಕರಗಲು ಇನ್ನೂ 1 ಗಂಟೆ 20 ನಿಮಿಷ, ಅಂದರೆ 10.50ರವರೆಗೆ ಹಿಡಿಯುತ್ತದೆ. ಜನಜಂಗುಳಿ 9.30ಕ್ಕೇ ಮುಗಿದಿದೆ, ಅದು ಬಿಟ್ಟುಹೋದ ಸಾಲು ಮಾತ್ರ ಇನ್ನೂ ನಿಂತಿದೆ. ಹತ್ತು ಗಂಟೆಗೆ ಬಂದ ಕುಟುಂಬಕ್ಕೆ ‘ಈಗ ಬರುವವರೇ ಕಡಿಮೆ, ಆದರೂ ಸಾಲು ಏಕೆ’ ಎಂದು ಅನ್ನಿಸುವುದು ಇದರಿಂದಲೇ.

ಇದೇ ಲೆಕ್ಕವನ್ನು ಸ್ವಲ್ಪ ಬದಲಿಸಿ ನೋಡಿದರೆ ಪರಿಹಾರದ ದಾರಿಯೂ ಕಾಣುತ್ತದೆ. ತಪಾಸಣೆಯನ್ನು 8.30ರ ಬದಲು 9 ಗಂಟೆಗೆ ಆರಂಭಿಸಿದರೆ 9.30ಕ್ಕೆ ಹೊರಗೆ ನಿಂತವರ ಸಂಖ್ಯೆ 7,000 ಆಗಿ, ಕಾಯುವ ಸಮಯ 70 ನಿಮಿಷಕ್ಕೆ ಏರುತ್ತದೆ. ಅಂದರೆ ಸಿಬ್ಬಂದಿ ಅರ್ಧ ಗಂಟೆ ಮೊದಲು ಕೆಲಸಕ್ಕೆ ಬಂದು, ಪಾರ್ಕಿನ ಒಳಬಾಗಿಲು ಇನ್ನೂ ಮುಚ್ಚಿರುವಾಗಲೇ ಹೊರಗಿನ ತಪಾಸಣೆ ಮುಗಿಸಿಕೊಳ್ಳುವುದರಿಂದ 30 ನಿಮಿಷ ಉಳಿಯುತ್ತದೆ. 8.30ಕ್ಕೇ ಆರಂಭಿಸಿ ಸಾಮರ್ಥ್ಯವನ್ನು ಗಂಟೆಗೆ 6,000ದಿಂದ 8,000ಕ್ಕೆ ಹೆಚ್ಚಿಸಿದರೆ 9.30ಕ್ಕೆ ಉಳಿಯುವವರು 2,000 ಜನ, ಕಾಯುವುದು 15 ನಿಮಿಷ. ಸಾಮರ್ಥ್ಯ ಹೆಚ್ಚಿದ್ದು ಮೂರನೆಯ ಒಂದು ಪಾಲು, ಕಾಯುವಿಕೆ ಇಳಿದಿದ್ದು ಅರ್ಧಕ್ಕಿಂತಲೂ ಹೆಚ್ಚು. ಮಧ್ಯಾಹ್ನ ಮೂರು ಗಂಟೆಗೆ ಹತ್ತು ದಾರಿಗಳನ್ನು ತೆರೆದಿಡುವುದಕ್ಕಿಂತ ಬೆಳಗಿನ ಒಂದೂವರೆ ಗಂಟೆಗೆ ಹದಿನೈದು ದಾರಿಗಳನ್ನು ತೆರೆಯುವುದು ಎಷ್ಟು ಪ್ರಯೋಜನಕಾರಿ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಆ ಒಂದೂವರೆ ಗಂಟೆಗಾಗಿ ಮಾತ್ರ ನುರಿತ ಸಿಬ್ಬಂದಿಯನ್ನು ನೇಮಿಸಿಕೊಳ್ಳುವುದು ಕಷ್ಟವೆಂಬುದು ನಿಜ; ಆದರೂ ಒಳಗೆ ಬೇರೆ ಕೆಲಸ ಮಾಡುವವರಿಗೆ ತರಬೇತಿ ಕೊಟ್ಟು ಬೆಳಗಿನ ಹೊತ್ತು ಬಾಗಿಲಿಗೆ ಕಳಿಸುವ ವ್ಯವಸ್ಥೆ ಅಸಾಧ್ಯವೇನಲ್ಲ.

ಜನ ಸಮನಾಗಿ ಹರಿದು ಬಂದರೂ ಸಾಲು ಪೂರ್ತಿ ಇಲ್ಲವಾಗುವುದಿಲ್ಲ, ಏಕೆಂದರೆ ಬರುವಿಕೆಯಲ್ಲಿಯೂ ತಪಾಸಣೆಯಲ್ಲಿಯೂ ಏರುಪೇರು ಇದ್ದೇ ಇರುತ್ತದೆ. ಇದನ್ನು ಮೊದಲು ಗಣಿತದ ಹಿಡಿತಕ್ಕೆ ತಂದವರು ಡೆನ್ಮಾರ್ಕಿನ ಆಗ್ನರ್ ಕ್ರಾರುಪ್ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದ ಅವರು, ಎಷ್ಟು ತಂತಿಗಳಿದ್ದರೆ ಕರೆ ಮಾಡುವವರು ಕಾಯಬೇಕಾಗುವುದಿಲ್ಲ ಎಂಬ ಪ್ರಶ್ನೆಯಿಂದ ಹೊರಟು 1909ರಲ್ಲಿ ಪ್ರಕಟಿಸಿದ ಲೇಖನ ಸರತಿ ಸಿದ್ಧಾಂತಕ್ಕೆ ಅಡಿಪಾಯವಾಯಿತು. ಅದರ ಅತಿ ಸರಳ ಮಾದರಿಯಲ್ಲಿ, ಒಂದು ದಾರಿ ತನ್ನ ಸಾಮರ್ಥ್ಯದ ಶೇ. 80ರಷ್ಟು ಕೆಲಸ ಮಾಡುತ್ತಿದ್ದರೆ ಬಂದವರು ಸರಾಸರಿ ಒಂದು ತಪಾಸಣೆಗೆ ಹಿಡಿಯುವ ಸಮಯದ 4 ಪಟ್ಟು ಕಾಯುತ್ತಾರೆ. ಶೇ. 90 ಆದರೆ 9 ಪಟ್ಟು, ಶೇ. 95 ಆದರೆ 19 ಪಟ್ಟು. ಕೊನೆಯ ಐದು ಅಂಶಗಳ ಏರಿಕೆ ಕಾಯುವ ಸಮಯವನ್ನು ಎರಡು ಪಟ್ಟಿಗಿಂತ ಹೆಚ್ಚು ಮಾಡಿಬಿಡುತ್ತದೆ. ಆಡಳಿತದವರ ಕಣ್ಣಿಗೆ ಆಗಾಗ ಸುಮ್ಮನೆ ನಿಂತಿರುವ ಕಾವಲುಗಾರ ವ್ಯರ್ಥ ವೆಚ್ಚವಾಗಿ ಕಾಣಬಹುದು. ಸಾಲಿನಲ್ಲಿ ನಿಂತವರಿಗೆ ಆ ಬಿಡುವೇ ರಕ್ಷೆ.

ಈ ಏರುಪೇರನ್ನು ತಗ್ಗಿಸಲು ಎರಡು ಉಪಾಯಗಳಿವೆ, ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಿನವು ಎಂಬುದು ಗಮನಾರ್ಹ. ಮೊದಲನೆಯದು ಎಲ್ಲರನ್ನೂ ಒಂದೇ ಸುತ್ತುಸಾಲಿನಲ್ಲಿ ನಿಲ್ಲಿಸಿ, ಖಾಲಿಯಾದ ದಾರಿಗೆ ಮುಂದಿನವರನ್ನು ಕಳಿಸುವುದು. ದಾರಿಗೊಂದು ಸಾಲು ಇದ್ದರೆ, ಮುಂದಿನ ಕುಟುಂಬವೊಂದು ತಳ್ಳುಗಾಡಿ, ಮೂರು ಬ್ಯಾಗು, ಹಾಲಿನ ಬಾಟಲಿಗಳೊಂದಿಗೆ ತಪಾಸಣೆಗೆ ನಿಂತಾಗ ಅದರ ಹಿಂದಿನವರೆಲ್ಲ ಸಿಕ್ಕಿಕೊಳ್ಳುತ್ತಾರೆ. ಪಕ್ಕದ ದಾರಿ ಖಾಲಿ ಇದ್ದರೂ ಪ್ರಯೋಜನವಿಲ್ಲ. ಮೂರು ಸಾಲುಗಳ ಪೈಕಿ ನೀವು ಆರಿಸಿದ್ದೇ ವೇಗದ ಸಾಲಾಗುವ ಸಾಧ್ಯತೆ ಮೂರರಲ್ಲೊಂದು, ಹಾಗಾಗಿ ‘ನಾನು ನಿಂತ ಸಾಲೇ ಯಾವಾಗಲೂ ನಿಧಾನ’ ಎಂಬ ಅನುಭವಕ್ಕೆ ಗಣಿತದ ಸಮರ್ಥನೆಯೂ ಉಂಟು. ಒಂದೇ ಸುತ್ತುಸಾಲಿನಲ್ಲಿ ಮೊದಲು ಬಂದವರೇ ಮೊದಲು ತಪಾಸಣೆಗೆ ಹೋಗುವುದರಿಂದ ಅನ್ಯಾಯದ ಭಾವನೆಗೆ ಎಡೆಯಿಲ್ಲ. ಎರಡನೆಯ ಉಪಾಯ ಬ್ಯಾಗಿಲ್ಲದವರನ್ನು ಬೇರೆ ಮಾಡುವುದು. ಬರಿಗೈಯಲ್ಲಿ ಬಂದವರು ಕೆಲವೇ ಸೆಕೆಂಡುಗಳಲ್ಲಿ ದಾಟಬಲ್ಲರು. ಅವರನ್ನು ದೊಡ್ಡ ಬ್ಯಾಗುಗಳ ಹಿಂದೆ ನಿಲ್ಲಿಸುವುದು ಯಾರಿಗೂ ಲಾಭವಲ್ಲ. ಆದರೆ ಬ್ಯಾಗಿಲ್ಲದವರ ದಾರಿಗಳನ್ನು ಹೆಚ್ಚು ತೆರೆದರೆ ಅವು ಖಾಲಿ ಬಿದ್ದು ಉಳಿದವರ ಸಾಲು ಬೆಳೆಯುತ್ತದೆ. ಈ ಎರಡರ ಹದ ಆಯಾ ದಿನ ಬಂದ ಜನರನ್ನು ಅವಲಂಬಿಸಿರುತ್ತದೆ: ಶಾಲೆಗಳಿಗೆ ರಜೆ ಇದ್ದಾಗ ಎಳೆ ಮಕ್ಕಳ ಕುಟುಂಬಗಳು ಹೆಚ್ಚು, ಮಳೆಯ ದಿನ ಕೊಡೆ, ಮಳೆಯಂಗಿಗಳ ಹೊರೆ ಹೆಚ್ಚು. ಗಂಟೆಗಂಟೆಗೂ ನೋಡಿ ದಾರಿಗಳ ಹಂಚಿಕೆಯನ್ನು ಬದಲಿಸುವ ಮೇಲ್ವಿಚಾರಕರಿದ್ದಲ್ಲಿ ಮಾತ್ರ ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ.

ಇಲ್ಲಿಯವರೆಗಿನ ಮಾತು ಅನುಕೂಲದ್ದು. ಇನ್ನು ಮುಂದಿನದು ಜೀವದ ಪ್ರಶ್ನೆ. 2015ರ ನವೆಂಬರ್ 13ರಂದು ಪ್ಯಾರಿಸ್ಸಿನ ಸ್ಟಾಡ್ ದ ಫ್ರಾನ್ಸ್ ಕ್ರೀಡಾಂಗಣದ ಬಳಿ ಬಾಂಬುಗಳು ಸಿಡಿದದ್ದು ಒಳಗಲ್ಲ, ಹೊರಗೆ. 2016ರ ಮಾರ್ಚ್ 22ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ದಾಳಿ ನಡೆದದ್ದು ಭದ್ರತಾ ತಪಾಸಣೆಗೂ ಮೊದಲಿನ ನಿರ್ಗಮನ ಸಭಾಂಗಣದಲ್ಲಿ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಸಂಗೀತ ಕಾರ್ಯಕ್ರಮ ಮುಗಿದು ಜನ ಹೊರಬರುತ್ತಿದ್ದಾಗ, ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ಬಾಂಬ್ ಸಿಡಿದು 22 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ತಪಾಸಣೆಯು ಒಳಗಿನವರನ್ನು ರಕ್ಷಿಸುತ್ತದೆ, ಆದರೆ ತಪಾಸಣೆಗಾಗಿ ಒತ್ತಾಗಿ ನಿಂತವರು ಅದರ ರಕ್ಷಣೆಯ ಹೊರಗಿರುತ್ತಾರೆ. ಮೇಲಿನ ಲೆಕ್ಕದಲ್ಲಿ ಹೊರಗೆ ಉಳಿದ 4,000 ಜನರನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡಿದರೆ, ಒಳಗೆ ಒಂದು ಅಪಾಯವನ್ನು ತಡೆಯುವ ಭರದಲ್ಲಿ ಹೊರಗೆ ಇನ್ನೊಂದನ್ನು ಸೃಷ್ಟಿಸುತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ದಾಳಿಯ ಮಾತು ಬಿಟ್ಟರೂ ಇಕ್ಕಟ್ಟೇ ಒಂದು ಅಪಾಯ: ಚದರ ಮೀಟರಿಗೆ ನಾಲ್ಕೈದು ಜನಕ್ಕಿಂತ ಹೆಚ್ಚು ಸೇರಿದರೆ ವ್ಯಕ್ತಿಗೆ ತನ್ನ ಚಲನೆಯ ಮೇಲೆ ಹಿಡಿತ ತಪ್ಪತೊಡಗಿ, ಹಿಂದಿನಿಂದ ಬಂದ ತಳ್ಳಾಟ ಮುಂದಿನವರನ್ನು ಕೆಡವಬಲ್ಲದು.

ಹಾಗಾಗಿ ಹೊಸ ವಿನ್ಯಾಸಗಳಲ್ಲಿ ತಪಾಸಣೆಯ ಜಾಗವನ್ನೇ ಬಾಗಿಲಿನಿಂದ ದೂರಕ್ಕೆ ಒಯ್ದು, ಒಂದೇ ದೊಡ್ಡ ಗುಂಪನ್ನು ಹಲವು ಚಿಕ್ಕ ಗುಂಪುಗಳಾಗಿ ಒಡೆಯುವ ಪ್ರಯತ್ನ ಕಾಣುತ್ತದೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಬಾಗಿಲಲ್ಲಿದ್ದ ತಪಾಸಣೆಯನ್ನು 2017ರಲ್ಲಿ ಮಾನೋರೈಲು ಮತ್ತು ದೋಣಿ ಹತ್ತುವ ನಿಲ್ದಾಣಗಳಿಗೆ ಸ್ಥಳಾಂತರಿಸಿದರು. ವಾಹನ ನಿಲ್ಲಿಸಿ ಬಂದವರ ತಪಾಸಣೆ ಒಂದು ಕಡೆ, ಹೋಟೆಲುಗಳಿಂದ ಬರುವವರ ತಪಾಸಣೆ ಅವರವರ ನಿಲ್ದಾಣದಲ್ಲಿ ನಡೆದು, ಪಾರ್ಕಿನ ಬಾಗಿಲಿಗೆ ಬರುವಷ್ಟರಲ್ಲಿ ಹೆಚ್ಚಿನವರ ತಪಾಸಣೆ ಮುಗಿದಿರುತ್ತದೆ. ಯೂನಿವರ್ಸಲ್ ಒರ್ಲಾಂಡೊದಲ್ಲಿ ಬಹುಮಹಡಿ ವಾಹನ ನಿಲುಗಡೆಯಿಂದ ಹೊರಬರುವ ದಾರಿಯಲ್ಲೇ ಎಕ್ಸ್-ರೇ ಯಂತ್ರಗಳಿವೆ. ಪಾರ್ಕುಗಳ ಬಾಗಿಲು ಅಲ್ಲಿಂದ ಸಾಕಷ್ಟು ನಡಿಗೆಯ ದೂರದಲ್ಲಿದೆ. ನಡಿಗೆ ಹೆಚ್ಚಾಯಿತೆಂದು ಗೊಣಗುವವರಿದ್ದಾರೆ, ಆದರೆ ಆ ನಡಿಗೆಯೇ ಗುಂಪನ್ನು ಚದುರಿಸುತ್ತದೆ, ಮತ್ತು ಟಿಕೆಟ್ ನೋಡುವ ಬಾಗಿಲಿಗೆ ಜನ ಒಟ್ಟಾಗಿ ಅಪ್ಪಳಿಸದಂತೆ ತಡೆಯುತ್ತದೆ. ಟಿಕೆಟ್ ಬಾಗಿಲಿನ ವೇಗವನ್ನು ಹಾಗೆಯೇ ಬಿಟ್ಟು ತಪಾಸಣೆಯ ವೇಗವನ್ನಷ್ಟೇ ಹೆಚ್ಚಿಸಿದಲ್ಲಿ ಸಾಲು ಮಾಯವಾಗದೆ ಐವತ್ತು ಮೀಟರು ಮುಂದಕ್ಕೆ ಸರಿದಿರುತ್ತದೆ, ಅಷ್ಟೆ.

ಈಚಿನ ವರ್ಷಗಳಲ್ಲಿ ಬಂದ ಇನ್ನೊಂದು ಪರಿಹಾರ, ಬ್ಯಾಗನ್ನು ಬಿಚ್ಚದೆ, ಜೇಬು ಬರಿದು ಮಾಡದೆ, ನಡೆಯುತ್ತಲೇ ದಾಟುವ ಸ್ಕ್ಯಾನರುಗಳು. ಇವು ಹಲವು ಸಂವೇದಕಗಳ ಸಂಕೇತಗಳನ್ನು ಗಣಕದ ವಿಶ್ಲೇಷಣೆಗೆ ಒಳಪಡಿಸಿ, ಲೋಹದ ಆಕಾರ ಮತ್ತು ಗಾತ್ರದ ಆಧಾರದ ಮೇಲೆ ಆಯುಧವನ್ನು ನಿತ್ಯೋಪಯೋಗಿ ವಸ್ತುವಿನಿಂದ ಪ್ರತ್ಯೇಕಿಸಲು ಯತ್ನಿಸುತ್ತವೆ. ಇವು ಆಕರ್ಷಕವಾಗಿರುವುದು ಏಕೆಂದು ತಿಳಿಯಲು ಮತ್ತೊಂದು ಊಹೆಯ ಲೆಕ್ಕ ಸಾಕು. ದಿನಕ್ಕೆ 30,000 ಜನ ಬರುವ ಪಾರ್ಕಿನಲ್ಲಿ ಹತ್ತೇ ಜನರ ಬಳಿ ನಿಷೇಧಿತ ಆಯುಧವಿದೆ, ಯಂತ್ರ ಶೇ. 10 ಜನರಿಗೆ ಸದ್ದು ಮಾಡುತ್ತದೆ ಎಂದುಕೊಳ್ಳಿ. ಸದ್ದು ಮಾಡಿಸಿದ 3,000 ಜನರಲ್ಲಿ ಹೆಚ್ಚೆಂದರೆ 10 ಜನ, ಅಂದರೆ 300ರಲ್ಲಿ ಒಬ್ಬರು ಮಾತ್ರ ನಿಜವಾಗಿ ತಡೆಯಬೇಕಾದವರು. ಉಳಿದ 299 ಮರುತಪಾಸಣೆಗಳು ಸಿಬ್ಬಂದಿಯನ್ನು ದಣಿಸುವುದಲ್ಲದೆ, ಮುಂದಿನ ಸದ್ದೂ ಬೀಗದ ಕೈಯದೇ ಇರಬೇಕೆಂಬ ಅಸಡ್ಡೆಯನ್ನು ಬೆಳೆಸುತ್ತವೆ. ಸುಳ್ಳು ಸದ್ದುಗಳನ್ನು ಕಡಿಮೆ ಮಾಡಿದರೆ ಸಾಲು ಓಡುತ್ತದೆ. ಆದರೆ ಅದೇ ಸಡಿಲಿಕೆಯಲ್ಲಿ ನಿಜವಾದ ಚಾಕುವೊಂದು ನುಸುಳಿಹೋಗುವ ಸಾಧ್ಯತೆಯೂ ಹೆಚ್ಚುತ್ತದೆ. ಇಂಥ ಸ್ಕ್ಯಾನರುಗಳನ್ನು ತಯಾರಿಸುವ ಎವಾಲ್ವ್ ಕಂಪನಿಯು ತನ್ನ ಯಂತ್ರದ ಸಾಮರ್ಥ್ಯದ ಬಗ್ಗೆ ತಪ್ಪು ಹೇಳಿಕೆ ನೀಡಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ನವೆಂಬರಿನಲ್ಲಿ ಆರೋಪಿಸಿ, ಅದನ್ನು ಒಪ್ಪಂದದ ಮೂಲಕ ಇತ್ಯರ್ಥಪಡಿಸಿತು. ತಂತ್ರಜ್ಞಾನ ನಿರುಪಯೋಗಿ ಎಂದು ಇದರ ಅರ್ಥವಲ್ಲ. ಗಂಟೆಗೆ ಎಷ್ಟು ಜನ ದಾಟುತ್ತಾರೆ ಎಂಬ ಅಂಕಿಯ ಜೊತೆಗೆ, ಯಾವ ಹೊಂದಾಣಿಕೆಯಲ್ಲಿ, ಯಾವ ವಸ್ತುಗಳನ್ನು ಹಿಡಿಯುವಾಗ ಎಂಬ ವಿವರವನ್ನೂ ಕೇಳದೆ ಯಂತ್ರವನ್ನು ಕೊಳ್ಳಬಾರದು.

ತಪಾಸಣೆಯ ಉದ್ದೇಶ ಕಲಬೆರಕೆಯಾದಾಗ ಏನಾಗುತ್ತದೆ ಎಂಬುದಕ್ಕೆ ಶಾಂಘೈ ಡಿಸ್ನಿಲ್ಯಾಂಡಿನ ಪ್ರಕರಣ ಒಳ್ಳೆಯ ನಿದರ್ಶನ. ಅಲ್ಲಿ ಹೊರಗಿನ ತಿಂಡಿಗೆ ನಿಷೇಧವಿದ್ದು, ಬ್ಯಾಗ್ ತಪಾಸಣೆಯಲ್ಲಿ ತಿಂಡಿಯನ್ನೂ ಹುಡುಕಲಾಗುತ್ತಿತ್ತು. 2019ರಲ್ಲಿ ಕಾನೂನು ವಿದ್ಯಾರ್ಥಿನಿಯೊಬ್ಬರು ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆಕೆಗೆ 50 ಯುವಾನ್ ಪರಿಹಾರದೊಂದಿಗೆ ಪ್ರಕರಣ ಇತ್ಯರ್ಥವಾಯಿತು, ಮತ್ತು ಸೆಪ್ಟೆಂಬರಿನಲ್ಲಿ ಪಾರ್ಕು ತನ್ನ ನಿಯಮವನ್ನು ಸಡಿಲಿಸಿ ಸ್ವಂತ ಬಳಕೆಯ ತಿಂಡಿಯನ್ನು ಒಳಗೆ ಬಿಡತೊಡಗಿತು. ಮೊತ್ತ ಚಿಕ್ಕದಾದರೂ ತತ್ವ ದೊಡ್ಡದು. ಆಯುಧಕ್ಕಾಗಿ ಬ್ಯಾಗು ನೋಡುವುದಕ್ಕೂ ಬಿಸ್ಕತ್ತಿಗಾಗಿ ಬ್ಯಾಗು ಶೋಧಿಸುವುದಕ್ಕೂ ವ್ಯತ್ಯಾಸವಿದೆ. ಎರಡನೆಯದಕ್ಕೆ ಬ್ಯಾಗಿನ ಮೂಲೆಮೂಲೆಯನ್ನೂ ತಡಕಬೇಕಾಗುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ವಾಗ್ವಾದ ಹುಟ್ಟುತ್ತದೆ, ಭದ್ರತೆಯ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿದೆ ಎಂಬ ಸಂಶಯ ಬೆಳೆದು ಜನರ ಸಹಕಾರ ಕುಗ್ಗುತ್ತದೆ. ನಿಷೇಧಿತ ವಸ್ತುಗಳ ಪಟ್ಟಿ ಚಿಕ್ಕದಾಗಿ, ಕಾರಣಸಹಿತವಾಗಿ, ಟಿಕೆಟ್ ಕೊಳ್ಳುವಾಗಲೇ ತಿಳಿಯುವಂತಿದ್ದರೆ ಬಾಗಿಲಲ್ಲಿ ಚರ್ಚೆಗೆ ಜಾಗವೇ ಇರುವುದಿಲ್ಲ. ಡಿಸ್ನಿ ಪಾರ್ಕುಗಳು 2015ರ ಬೇಸಿಗೆಯಲ್ಲಿ ಸೆಲ್ಫಿ ಕೋಲುಗಳನ್ನು ನಿಷೇಧಿಸಿದಾಗ ಆಟಗಳಲ್ಲಿ ಕೂತವರಿಗೆ ಅಪಾಯವೆಂಬ ಕಾರಣ ಯಾರಿಗಾದರೂ ಅರ್ಥವಾಗುವಂತಿತ್ತು.

ನಿಂತಿರುವ ಹೊತ್ತು ಎಷ್ಟು ಉದ್ದವೆಂದು ಅನ್ನಿಸುತ್ತದೆ ಎಂಬುದು ಬೇರೆಯೇ ವಿಷಯ. ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯದೆ, ಏಕೆ ನಿಂತಿದ್ದೇವೆಂದು ಕಾಣದೆ, ಬಿಸಿಲಿನಲ್ಲಿ ಮಕ್ಕಳನ್ನು ಹಿಡಿದುಕೊಂಡು ಕಳೆದ 20 ನಿಮಿಷ, ನೆರಳಿನಲ್ಲಿ ‘ಇಲ್ಲಿಂದ 20 ನಿಮಿಷ’ ಎಂಬ ಫಲಕ ನೋಡುತ್ತ ಕಳೆದ 20 ನಿಮಿಷಕ್ಕಿಂತ ಬಹಳ ದೀರ್ಘವೆನಿಸುತ್ತದೆ. ಆಟಗಳ ಸಾಲುಗಳನ್ನು ಅಲಂಕರಿಸಿ, ನೆರಳು, ಫ್ಯಾನು, ಕಥೆ ಎಲ್ಲವನ್ನೂ ಒದಗಿಸುವ ಪಾರ್ಕುಗಳು ಭದ್ರತಾ ಸಾಲಿಗೆ ಬರಿಯ ಕಬ್ಬಿಣದ ತಡೆಬೇಲಿಯನ್ನು ಇಟ್ಟು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಜೇಬಿನ ವಸ್ತುಗಳನ್ನು ಈಗಲೇ ಕೈಗೆತ್ತಿಕೊಳ್ಳಿ ಎಂದು ಹತ್ತು ಮೀಟರು ಹಿಂದೆಯೇ ಹೇಳುವ ಒಬ್ಬ ಸಿಬ್ಬಂದಿಯಿಂದ ಕಾಯುವ ಸಮಯವೂ ಇಳಿಯುತ್ತದೆ, ನಿಂತವರಿಗೆ ಸ್ವಲ್ಪ ಕೆಲಸವೂ ಸಿಗುತ್ತದೆ.

ಫಲಕವೇ ಇಲ್ಲದ ಕಡೆ ಕಾಯಬೇಕಾದ ಸಮಯವನ್ನು ನಿಂತಲ್ಲಿಂದಲೇ ಅಂದಾಜು ಮಾಡಬಹುದು. ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ವ್ಯವಸ್ಥೆಯೊಂದರೊಳಗೆ ಸರಾಸರಿ ಇರುವ ಜನರ ಸಂಖ್ಯೆಯು ಅವರು ಬರುವ ದರವನ್ನು ಒಬ್ಬೊಬ್ಬರೂ ಅಲ್ಲಿ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟಿರುತ್ತದೆ. ಅದೇ ತರ್ಕವನ್ನು ತಿರುಗಿಸಿ ಬಳಸಬಹುದು. ತಪಾಸಣೆ ಮುಗಿಸಿ ಆಚೆಗೆ ಹೋಗುವವರನ್ನು ಒಂದು ನಿಮಿಷ ಎಣಿಸಿ. ನಿಮ್ಮ ಮುಂದಿರುವ ಸಾಲಿನ ಒಂದು ಮಡಿಕೆಯಲ್ಲಿ ಎಷ್ಟು ಜನರಿದ್ದಾರೆಂದು ನೋಡಿ, ಮಡಿಕೆಗಳ ಸಂಖ್ಯೆಯಿಂದ ಗುಣಿಸಿ. ಮುಂದೆ 300 ಜನರಿದ್ದು, ನಿಮಿಷಕ್ಕೆ 20 ಜನ ದಾಟುತ್ತಿದ್ದರೆ ನಿಮ್ಮ ಸರದಿ 15 ನಿಮಿಷಕ್ಕೆ ಬರುತ್ತದೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಎಣಿಸಿದಾಗ ಆ 20 ಎಂಬುದು 30 ಆಗಿದ್ದರೆ ಇನ್ನೊಂದು ದಾರಿ ತೆರೆದಿದೆ ಎಂದು ತಿಳಿಯಬಹುದು. 10ಕ್ಕೆ ಇಳಿದಿದ್ದರೆ ಮುಂದೆಲ್ಲೋ ಯಂತ್ರ ಸದ್ದು ಮಾಡಿದೆ, ಮರುತಪಾಸಣೆಗೆ ಪಕ್ಕದ ಮೇಜು ಇಲ್ಲ.